ಬಾಗಿಲು ತೆರೆದ ಮೇಲೂ ತಟ್ಟುವವನು

ನನ್ನ ಮೈದುನ ಯಾರ ಮನೆಗೆ ಹೋದರೂ ಬಾಗಿಲು ತಟ್ಟುತ್ತಾನೆ. ಅದರಲ್ಲೇನು ವಿಶೇಷ ಅನ್ನುತ್ತೀರಾ? ಬಾಗಿಲು ತೆರೆದ ಮೇಲೂ ತಟ್ಟುತ್ತಾನೆ! ಮನೆಯವರು “ಬನ್ನಿ, ಬನ್ನಿ” ಎಂದು ಕರೆಯುತ್ತಿದ್ದರೆ ಇವನು ಹೊಸ್ತಿಲಲ್ಲೇ ನಿಂತು, ಬಾಗಿಲಿಗೆ ಕಿವಿ ಹಚ್ಚಿ, ಬೆರಳ ಗೆಣ್ಣಿನಿಂದ ಮೇಲೊಂದು ಕೆಳಗೊಂದು ಪೆಟ್ಟು ಕೊಟ್ಟು, “ಡಲ್” ಎಂದು ತೀರ್ಪು ಹೇಳಿದ ಮೇಲೆಯೇ ಚಪ್ಪಲಿ ಬಿಡುವುದು. ಬಾಗಲಗುಂಟೆಯ ನಮ್ಮ ಮನೆಯ ಬಾಗಿಲನ್ನು ಇಪ್ಪತ್ತು ವರ್ಷಗಳಿಂದ ತಟ್ಟುತ್ತಿದ್ದಾನೆ. ಇಪ್ಪತ್ತು ವರ್ಷಗಳಿಂದಲೂ ಅದು ಡಲ್ಲೇ.

ಎಲ್ಲಕ್ಕೂ ಕಾರಣ ಗಿಟಾರ್. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ವಾರವೆಲ್ಲ ಲೇತಿನ ಮುಂದೆ ನಿಂತು ಕಬ್ಬಿಣ ಕಡೆಯುವ ಈ ಮನುಷ್ಯನಿಗೆ ಭಾನುವಾರ ಬಂತೆಂದರೆ ಗಿಟಾರ್ ಮಾಡುವ ಹುಚ್ಚು. ಬಾರಿಸಲು ಬರುತ್ತದೆಯೇ? ಅದೊಂದು ಬಾರದು. “ಮೊದ್ಲು ದನಿ ಸರಿಹೋಗ್ಲಿ ಅತ್ತಿಗೆ, ಬಾರಿಸೋದು ಆಮೇಲೆ ಕಲಿತರಾಯ್ತು” ಅನ್ನುತ್ತಾನೆ. ಅವನಿಗೀಗ ಐವತ್ತೆಂಟು!

ನಾನು ಶಾಲೆಯ ಗಂಟೆಯ ಜೊತೆ ಬದುಕಿದವಳು. ನಿವೃತ್ತಿಯಾದ ಮೇಲೂ ಐದಕ್ಕೆ ಏಳುವುದು, ಆರಕ್ಕೆ ಕಾಫಿ, ಏಳಕ್ಕೆ ಸೀರೆ ಉಟ್ಟು ತಯಾರು. ಸೀರೆಗೆ ಏಳು ನೆರಿಗೆ. ಆರಾಗಬಾರದು, ಎಂಟಾಗಬಾರದು. ಹೀಗಾಗಿ ಅವನ ಮರದ ಪುರಾಣಕ್ಕೂ ಹೊತ್ತು ಗೊತ್ತುಮಾಡಿದ್ದೆ: ಭಾನುವಾರ ಸಂಜೆ ಆರರಿಂದ ಆರೂಕಾಲು. ಕಾಫಿ ಲೋಟ ಕೆಳಗಿಟ್ಟ ಕೂಡಲೇ ಎದ್ದು ಹೋಗಬೇಕು.

“ಗಿಟಾರಿನ ಮುಂದಿನ ಹಲಗೆ ಇದ್ಯಲ್ಲ ಅತ್ತಿಗೆ, ಅದು ಕಥೆ ಹೇಳತ್ತೆ. ಹಿಂದಿನ ಮರ ಹ್ಞೂಂಗುಡತ್ತೆ. ಹ್ಞೂಂಗುಡೋಕೆ ಬೀಟೆ ಆಗ್ಬೇಕು. ಗಟ್ಟಿ, ಗಂಭೀರ. ಹಲಸಿನ ಮರಾನೂ ಪರವಾಗಿಲ್ಲ, ಆದ್ರೆ ಸ್ವಲ್ಪ ಬೇಗ ಮಾತು ಮುಗಿಸ್ಬಿಡತ್ತೆ.”

“ನಿಮ್ಮಣ್ಣನ ಹಾಗೆ ಅನ್ನು.”

“ಹ್ಞೂಂ,” ಅಂದರು ಪತ್ರಿಕೆಯ ಹಿಂದಿನಿಂದ ನಮ್ಮ ಯಜಮಾನರು.

ಒಮ್ಮೆ ನಮ್ಮ ಅಕ್ಕನ ಮಗಳಿಗೆ ಗಂಡು ನೋಡಲು ಸಿಂಗಸಂದ್ರಕ್ಕೆ ಹೋಗಿದ್ದೆವು. ಗಂಡಿನ ತಂದೆ ನಡುಮನೆಯ ಉಯ್ಯಾಲೆ ತೋರಿಸಿ, “ಅಪ್ಪಟ ತೇಗ” ಎಂದರು. ಇವನು ಸುಮ್ಮನಿರಬೇಕೋ ಬೇಡವೋ? ತಟ್ಟಿದ. “ತೇಗ ಮೇಲ್ಗಡೆ ಕಾಗದದಷ್ಟಿದೆ ಸಾರ್. ಒಳಗಿರೋದೆಲ್ಲ ಒತ್ತಿರೋ ಮರದ ಪುಡಿ” ಅಂದ. ಉಪ್ಪಿಟ್ಟು ತಣ್ಣಗಾಯಿತು, ಸಂಬಂಧವೂ ತಣ್ಣಗಾಯಿತು. ಬಸ್ಸಿನಲ್ಲಿ ನಾನು ಬೈಯುತ್ತಿದ್ದರೆ ಅವನದೊಂದೇ ಮಾತು: “ಪುಡೀನ ತೇಗ ಅನ್ನೋರು ಹುಡುಗನ್ನ ಏನಂತ ಹೇಳಿರ್ತಾರೋ, ಯೋಚ್ನೆ ಮಾಡಿ!”

ಬೀಟೆಯೇನೋ ಹಳೇ ಸಾಮಾನಿನ ಅಂಗಡಿಯ ಕಪಾಟಿನ ಬಾಗಿಲುಗಳಲ್ಲಿ ಸಿಕ್ಕಿತು. ಕಥೆ ಹೇಳುವ ಮುಂದಿನ ಹಲಗೆ? ಅದಕ್ಕೆ ಚಳಿ ದೇಶದ ಮರವೇ ಬೇಕಂತೆ. ಚಳಿಗೆ ನಿಧಾನ ಬೆಳೆಯುತ್ತದೆ, ಗೆರೆಗಳು ಒತ್ತೊತ್ತಾಗಿರುತ್ತವೆ. ಹಗುರ, ಆದರೆ ಬಾಗದು. ಅಂಥ ಮರ ಪೀಣ್ಯಕ್ಕೆ ಬರುವುದು ಒಂದೇ ವೇಷದಲ್ಲಿ: ಹೊರದೇಶದ ಯಂತ್ರಗಳನ್ನು ತುಂಬಿದ ಪೆಟ್ಟಿಗೆಯಾಗಿ. ಇವನು ಕಂಡ ಕಂಡ ಕಾರ್ಖಾನೆಯ ಗೇಟಿನಲ್ಲಿ ಸ್ಕೂಟರ್ ನಿಲ್ಲಿಸಿ ಪೆಟ್ಟಿಗೆ ತಟ್ಟತೊಡಗಿದ. ಒಂದು ಕಡೆ ರಾಯಚೂರಿನ ಕಾವಲುಗಾರನೊಬ್ಬ ಓಡಿಬಂದನಂತೆ.

“ಏ ಸರ, ಪೆಟಗಿ ಯಾಕ ಬಡಿಯಾಕತ್ತೀರಿ?”

“ದನಿ ಕೇಳ್ತಿದೀನಿ ಅಣ್ಣ.”

“ಒಳಗ ಮಿಷನ್ ಐತ್ರಿ, ಮನಷ್ಯಾರಿಲ್ಲ!”

ಏಳು ವರ್ಷ ಹೀಗೆ ತಟ್ಟಿದ ಮೇಲೆ ಒಂದು ಹಲಗೆ “ಮಾತಾಡಿತು”. ಎರಡು ಮೊಳೆಯ ತೂತು, ಮೇಲೊಂದು ಕೊಡೆಯ ಗುರುತು, ನೆನೆಸಬೇಡಿ ಎಂದು. ಮುರಿದ ಪೆಟ್ಟಿಗೆಯಿಂದ ಅದನ್ನು ಕೇಳಿ ಪಡೆದು, ಮಗುವಿನಂತೆ ಟವೆಲಿನಲ್ಲಿ ಸುತ್ತಿ ತಂದ. ಸೀಳಿ, ಹೆರೆದು, ತೂತುಗಳಿಗೆ ಬೆಣೆ ತುಂಬಿ ಗಿಟಾರ್ ಮಾಡಿದ. ಒಳಬದಿಗೆ ಬಂದ ಕೊಡೆಯನ್ನು ಮಾತ್ರ ಅಳಿಸಲಿಲ್ಲ. ಆ ಗಿಟಾರನ್ನು ಮುಟ್ಟುವ ಅಧಿಕಾರ ಯಾರಿಗೂ ಇರಲಿಲ್ಲ. ನನಗೂ ದೂರದಿಂದಲೇ ದರ್ಶನ!

ಆಮೇಲೆ ಶುರುವಾಯಿತು ತಂತಿಗಳ ಕಾಲ. ಐದು ಭಾನುವಾರ ಐದು ಬಗೆಯ ಉಕ್ಕಿನ ತಂತಿ. ಒಂದು ಮಿಂಚುತ್ತದಂತೆ, ಒಂದು ತುಂಬಿಕೊಳ್ಳುತ್ತದಂತೆ. ನನಗೆ ಐದೂ “ಟಿಂಯ್” ಎಂದೇ ಕೇಳಿದವು. ಹಾಗಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದ.

“ಆರು ತಂತಿ ಸೇರಿದ್ರೆ ಒಬ್ಬ ದಪ್ಪ ಮನುಷ್ಯ ಜೋತುಬಿದ್ದಂಗೆ ಎಳೆಯತ್ತೆ ಅತ್ತಿಗೆ. ತಡೆಯೋಕೆ ಹಲಗೆ ಒಳಗಡೆ ಪಟ್ಟಿ ಅಂಟಿಸಿರ್ತೀನಿ. ದಪ್ಪ ಆದ್ರೆ ದನಿ ಕಟ್ಟತ್ತೆ, ತೆಳು ಆದ್ರೆ ಹಲಗೆ ಹೊಟ್ಟೆ ಒಡ್ಕೊಳತ್ತೆ. ಕೆತ್ತಿದ್ದನ್ನ ವಾಪಸ್ ಅಂಟಿಸೋಕಾಗಲ್ಲ.”

“ನೈಲಾನ್ ತಂತಿನೂ ಇರತ್ತಂತಲ್ಲ?”

“ಅದು ಬಟ್ಟೆ ಒಣಗಿಸೋಕೆ!”

ಕಳೆದ ವರ್ಷ ನಾನು ಒಗೆಯುವ ಕಲ್ಲಿನ ಬಳಿ ಜಾರಿ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡೆ. ನೋಡಲು ಬಂದವರೆಲ್ಲ ಕಿತ್ತಳೆ ತಂದರು. ಇವನು ಬರಿಗೈಯಲ್ಲಿ ಬಂದು ನನ್ನ ಪ್ಲಾಸ್ಟರ್ ತಟ್ಟಿದ. “ಡಲ್, ಅತ್ತಿಗೆ!”

ಪ್ಲಾಸ್ಟರ್ ಬಿಚ್ಚಿದ ಮೇಲೆ ಬೆರಳುಗಳು ಮಡಚಲಿಲ್ಲ. ರಬ್ಬರ್ ಚೆಂಡು ಒತ್ತಿ ಎಂದರು ಡಾಕ್ಟರ್. ಬೆಳಿಗ್ಗೆ ನೂರು, ಸಂಜೆ ನೂರು, ಎಣಿಸಿ ಒತ್ತಿದೆ. ಒಂದು ತಿಂಗಳಾಯಿತು, ಎರಡಾಯಿತು. ಹೆಬ್ಬೆರಳಿಗೂ ಉಳಿದ ಬೆರಳುಗಳಿಗೂ ಮಾತುಕತೆಯೇ ಇಲ್ಲ. ನೆರಿಗೆ ಕೈಯಲ್ಲಿ ನಿಲ್ಲದೆ ಒಂದೊಂದಾಗಿ ಜಾರಿ ಬೀಳುತ್ತಿತ್ತು. ಯಜಮಾನರು ನೆರಿಗೆ ಹಿಡಿಯಲು ಬಂದರು. ಒಂದು ದಿನ ನಾಲ್ಕು, ಒಂದು ದಿನ ಹನ್ನೊಂದು! ನಗು ಬರುತ್ತಿತ್ತು, ನಿಜ. ಆದರೆ ನನ್ನ ಸೀರೆ ನಾನು ಉಡಲಾರದ ದಿನವೂ ಬರುತ್ತದೆಂದು ನನ್ನ ಯಾವ ವೇಳಾಪಟ್ಟಿಯಲ್ಲೂ ಇರಲಿಲ್ಲ. ಚೆಂಡನ್ನು ಕಪಾಟಿನ ಮೇಲೆಸೆದೆ.

ಆ ಭಾನುವಾರ ಮೈದುನ ಕೊಡೆ ಗುರುತಿನ ಗಿಟಾರನ್ನೇ ತಂದು ನನ್ನ ಮಡಿಲಲ್ಲಿಟ್ಟ.

“ಚೆಂಡು ಒತ್ತಿದ್ರೆ ಅದೇನು ವಾಪಸ್ ಮಾತಾಡತ್ತಾ? ಇದನ್ನ ಒತ್ತಿ.”

ಒತ್ತಿದೆ. ಉಕ್ಕಿನ ತಂತಿ ಬೆರಳಿಗೆ ಚಾಕುವಿನ ಹಾಗೆ ಇಳಿಯಿತು. ಮೂರು ಸಲ ಪ್ರಯತ್ನಪಟ್ಟು, “ನನ್ನ ಕೈಲಾಗದು ಕಣಪ್ಪಾ, ತಗೊಂಡು ಹೋಗು” ಎಂದೆ. ಅವನು ನನ್ನ ಬೆರಳುಗಳನ್ನೇ ನೋಡಿದ. ಗಿಟಾರ್ ಎತ್ತಿಕೊಂಡು, ಬಾಗಿಲು ತಟ್ಟದೆ ಹೊರಟುಹೋದ.

ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದೂ ಇಲ್ಲ. ಆರು ಗಂಟೆಗೆ ಮಾಡಿಟ್ಟ ಕಾಫಿಯನ್ನು ಯಜಮಾನರೇ ಎರಡು ಲೋಟ ಕುಡಿದರು.

ಮೂರನೆಯ ಭಾನುವಾರ ಬಂದ. ಅವನ ಬಲಗೈ ಮಣಿಕಟ್ಟಿನ ಸುತ್ತ ಕೆಂಪು ಗೀರುಗಳು. ಗಿಟಾರಿನಲ್ಲಿ ನುಣುಪಾದ ಬಿಳಿಯ ತಂತಿಗಳು.

“ಬಟ್ಟೆ ಒಣಗಿಸೋ ತಂತಿ ಅಲ್ವೇನೋ ಇದು?”

“ಒತ್ತಿ ಅತ್ತಿಗೆ.”

ಬೆರಳು ನೋಯಲಿಲ್ಲ. ಬಲಗೈಯಿಂದ ಮೀಟಿದೆ. ಈ ಸಲ “ಟಿಂಯ್” ಅಲ್ಲ. ದುಂಡಗಿನ, ಬೆಚ್ಚಗಿನ ಒಂದು ದನಿ ಎದ್ದಿತು. ನನ್ನ ಹೊಟ್ಟೆಗೆ ಆನಿಸಿದ್ದ ಬೀಟೆ ಮರ ಹ್ಞೂಂ ಎಂದದ್ದು ನನಗೇ ತಿಳಿಯಿತು. ಕನ್ನಡಕ ಸರಿಮಾಡಿಕೊಂಡು ಗಿಟಾರಿನ ಬಾಯಿಯೊಳಗೆ ಇಣುಕಿದೆ. ಕೊಡೆ ಅಲ್ಲೇ ಇತ್ತು. ಅದರ ಅಕ್ಕಪಕ್ಕದ ಪಟ್ಟಿಗಳನ್ನು ಬೆಂಕಿಕಡ್ಡಿಯಷ್ಟು ಸಣ್ಣಗೆ ಹೆರೆಯಲಾಗಿತ್ತು.

“ಇದರೊಳಗೆ ಕೈ ಹಾಕಿ ಕೆತ್ತಿದೆಯಾ?”

“ದಪ್ಪ ಪಟ್ಟಿ ಇದ್ರೆ ನೈಲಾನ್‌ಗೆ ಹಲಗೆ ಅಲ್ಲಾಡಲ್ಲ ಅತ್ತಿಗೆ. ದನಿ ಬರದಿದ್ರೆ ನೀವು ಎರಡೇ ದಿನಕ್ಕೆ ಬಿಟ್ಬಿಡ್ತೀರಿ.”

“ನನ್ನ ಕೈ ಸರಿಹೋದ ಮೇಲೆ ಉಕ್ಕಿನ ತಂತಿ ಹಾಕ್ಕೋಬಹುದಲ್ಲ?”

ಅವನು ಕಾಫಿ ಲೋಟದೊಳಗೆ ನೋಡುತ್ತಾ, “ಇನ್ನು ಇದು ಉಕ್ಕಿನ ಎಳೆತ ತಡೆಯಲ್ಲ. ಬೇರೆ ಪೆಟ್ಟಿಗೆ ಬರುತ್ತೆ ಬಿಡಿ” ಅಂದ.

ಆರೂಕಾಲಾಯಿತು, ಆರೂಮುಕ್ಕಾಲಾಯಿತು. ಏಳು ಹೊಡೆದರೂ ನಾನು ಗಡಿಯಾರ ನೋಡಲಿಲ್ಲ.

ಈಗ ದಿನಾ ಬೆಳಿಗ್ಗೆ ಆರೂಕಾಲರಿಂದ ಆರೂಮುಕ್ಕಾಲು ನನಗೆ ಗಿಟಾರ್. ರಾಗವಿಲ್ಲ, ತಾಳವಿಲ್ಲ; ಒತ್ತುವುದು, ಮೀಟುವುದು, ಬಿಡುವುದು. ನೆರಿಗೆ ಐದರವರೆಗೆ ಬಂದಿದೆ. ಉಳಿದೆರಡು ಇನ್ನೂ ಯಜಮಾನರ ಪಾಲು.

ಮೊನ್ನೆ ಭಾನುವಾರ ಗೇಟಿನ ಸದ್ದಾಯಿತು. ಅವನು ತಟ್ಟುವ ಮೊದಲೇ ನಾನು ಬಾಗಿಲು ತೆರೆದೆ. ತೆರೆದು, ಎಡಗೈಯ ಬೆರಳುಗಳನ್ನು ನಿಧಾನಕ್ಕೆ ಮಡಚಿ, ಗೆಣ್ಣಿನಿಂದ ಮೇಲೊಂದು ಕೆಳಗೊಂದು ಪೆಟ್ಟು ಕೊಟ್ಟೆ. ಅವನು ಹೊಸ್ತಿಲಲ್ಲೇ ನಿಂತು, ಬಾಗಿಲಿಗೆ ಕಿವಿ ಹಚ್ಚಿ ಕಣ್ಣು ಮುಚ್ಚಿಕೊಂಡ.

“ಡಲ್ಲೇ,” ಅಂದ. “ಆದ್ರೂ ಇನ್ನೊಂದ್ಸಲ ತಟ್ಟಿ, ಅತ್ತಿಗೆ.”