ಕಾರಣ ಹೇಳದೆ ಕಣ್ಣು ಮುಚ್ಚುವ ಕಂಪ್ಯೂಟರಿನವರಿಗೆ

ಮಾನ್ಯರೇ,

ನನ್ನ ಕಂಪ್ಯೂಟರಿನೊಳಗೆ ಬಾಡಿಗೆಯಿಲ್ಲದೆ ವಾಸವಾಗಿದ್ದು, ಅದನ್ನು ಎಬ್ಬಿಸುವ, ನಡೆಸುವ ಮತ್ತು ತಮಗೆ ತೋಚಿದಾಗ ಮಲಗಿಸುವ ಮುಕ್ತ ತಂತ್ರಾಂಶದವರಾದ ತಮಗೆ, ಗಡಿಯಾರ ರಿಪೇರಿಯಿಂದ ನಿವೃತ್ತನಾದ ಮುದುಕನ ಸಾಷ್ಟಾಂಗ ವಂದನೆಗಳು. ಸಾಷ್ಟಾಂಗವೆಂದದ್ದು ಬರೀ ಮರ್ಯಾದೆಗಲ್ಲ. ತಮ್ಮ ಪ್ಲಗ್ಗು ಮೇಜಿನಡಿಯ ಮೂಲೆಯಲ್ಲಿರುವುದರಿಂದ ಇತ್ತೀಚೆಗೆ ನಾನು ಹೆಚ್ಚಿನ ಹೊತ್ತು ಅದೇ ಭಂಗಿಯಲ್ಲಿರುತ್ತೇನೆ.

ತಮ್ಮನ್ನು ಇಲ್ಲಿ ತಂದು ಕೂರಿಸಿದವಳು ನನ್ನ ತಮ್ಮನ ಮಗಳು. ಇದು ಯಾವ ಕಂಪನಿಯ ಸ್ವತ್ತೂ ಅಲ್ಲ ದೊಡ್ಡಪ್ಪ, ಎಲ್ಲ ತೆರೆದೇ ಇದೆ, ಯಾರು ಬೇಕಾದರೂ ಒಳಗೆ ಬಗ್ಗಿ ನೋಡಬಹುದು ಎಂದು ಅವಳು ಹೇಳಿದಾಗ ನನಗೆ ಬಹಳ ಸಂತೋಷವಾಯಿತು; ನಾನೂ ಮುಚ್ಚಳ ಬಿಚ್ಚಿ ಗಿರಾಕಿಗೆ ತೋರಿಸಿಯೇ ಕೆಲಸ ಮಾಡಿದವನು. ಆದರೆ ಎಲ್ಲವನ್ನೂ ತೆರೆದಿಟ್ಟಿರುವ ತಾವು, ದಿನಕ್ಕೊಮ್ಮೆ ಪರದೆಯ ಮೇಲೆ “ಆಡಳಿತಗಾರರ ಆದೇಶದಂತೆ ಈ ವ್ಯವಸ್ಥೆ ಒಂದು ನಿಮಿಷದಲ್ಲಿ ಸ್ಥಗಿತಗೊಳ್ಳಲಿದೆ” ಎಂದು ಬರೆದು, ಯಾಕೆ ಎಂಬ ಒಂದು ಮಾತೂ ಆಡದೆ ಕಪ್ಪಗಾಗುವುದರಲ್ಲಿ ತೋರುವ ಗಾಂಭೀರ್ಯವನ್ನು ಎಷ್ಟು ಹೊಗಳಿದರೂ ಸಾಲದು. ದೊಡ್ಡ ದೊಡ್ಡ ಕಚೇರಿಗಳಲ್ಲೂ ಬಾಗಿಲು ಹಾಕುವ ಮೊದಲು ಊಟದ ಹೊತ್ತು ಎಂದಾದರೂ ಒಂದು ಬೋರ್ಡು ತೂಗುಹಾಕುತ್ತಾರೆ.

ನನ್ನ ಅವಸರ ಇಷ್ಟೇ ಆಗಿತ್ತು. ಅಕ್ಕನಿಗೆ ಕಣ್ಣಿನ ಆಪರೇಷನ್ನು ನಿಗದಿಯಾಗಿತ್ತು. ಬಂಧುಬಳಗಕ್ಕೆಲ್ಲ ಧೈರ್ಯ ಹೇಳುವ ಅವಳು, ತನ್ನ ಕಣ್ಣಿನ ಹತ್ತಿರ ಸೂಜಿ ಬರುತ್ತದೆಂದು ತಿಳಿದ ಕೂಡಲೇ ನಿದ್ದೆ ಬಿಟ್ಟಿದ್ದಳು. ಫೋನಲ್ಲಿ ಹೇಳಿದ ಧೈರ್ಯ ಫೋನಿಟ್ಟ ಮೇಲೆ ನಿಲ್ಲಲ್ಲ ಕಣೋ, ನೀನು ಬರೆದು ಕಳಿಸು, ಓದಿಕೊಂಡು ಒಳಗೆ ಹೋಗ್ತೀನಿ ಎಂದಿದ್ದಳು. ಅವಳ ದೃಷ್ಟಿಗೆ ಎಟುಕುವಂತೆ ಅಕ್ಷರಗಳನ್ನು ಬಿಸ್ಕತ್ತಿನ ಗಾತ್ರಕ್ಕೆ ಹಿಗ್ಗಿಸಬಲ್ಲವರು ತಾವೊಬ್ಬರೇ. ದಿನವೂ ಕೂತು, ಒಂದೇ ಬೆರಳಿನಲ್ಲಿ ಕುಟ್ಟಿ, “ಅಕ್ಕಾ, ನೀನು ಹೆದರಬೇಕಾಗಿಲ್ಲ, ಯಾಕೆಂದರೆ” ಎನ್ನುವಲ್ಲಿಗೆ ಬಂದು, ಒಳ್ಳೆಯ ಕಾರಣಕ್ಕಾಗಿ ತಡಕಾಡುತ್ತಿರುವಾಗ ತಮ್ಮ ಆದೇಶ ಬರುತ್ತಿತ್ತು. ಮರುದಿನ ಹಿಂದಿನದು ಹಿಡಿಸದೆ ಅಳಿಸಿ, ಮೊದಲಿಂದ ಬರೆದು, ಮತ್ತೆ ಅದೇ “ಯಾಕೆಂದರೆ”ಗೆ ಬರುವ ಹೊತ್ತಿಗೆ ಮತ್ತೆ ತಾವು.

ಕೆಟ್ಟದ್ದೆಲ್ಲಿ ಎಂದು ಹುಡುಕುವುದು ನನ್ನ ಕಸುಬು. ಧೂಳಿರಬಹುದೆಂದು ಗಡಿಯಾರಕ್ಕೆ ಗಾಳಿ ಊದುವ ರಬ್ಬರಿನ ಬುರುಡೆಯಿಂದ ತಮ್ಮ ಹೊಟ್ಟೆಯನ್ನೆಲ್ಲ ಊದಿದೆ. ಸೆಕೆಯಿರಬಹುದೆಂದು ಫ್ಯಾನನ್ನು ತಮ್ಮ ಕಡೆ ತಿರುಗಿಸಿ ನಾನು ಬೆವರಿದೆ. ತಮ್ಮ ಅಭಿಮಾನಿಗಳ ಜಾಲತಾಣದಲ್ಲಿ ಪ್ರಶ್ನೆ ಹಾಕಿದರೆ, ಒಬ್ಬರು ತಮ್ಮ ಆವೃತ್ತಿ ಯಾವುದೆಂದು ಕೇಳಿದರು, ಇನ್ನೊಬ್ಬರು ಆ ಆವೃತ್ತಿಯನ್ನು ಯಾಕಾದರೂ ಇಟ್ಟುಕೊಂಡಿರಿ ಎಂದರು, ಅವರಿಬ್ಬರಿಗೇ ಜಟಾಪಟಿ ಹತ್ತಿ, ಸಮಾಧಾನ ಮಾಡಲು ಹೋದ ನನ್ನನ್ನು ಬೈಯುವುದರಲ್ಲಿ ಇಬ್ಬರೂ ಒಂದಾದರು. ತಮ್ಮ ಕಡತದಲ್ಲಿ ನನ್ನನ್ನು “ಬಳಕೆದಾರ ಸಾವಿರ” ಎಂದು ಗುರುತಿಸಿದ್ದೀರಿ. ಗಂಡ ಹೆಂಡತಿ ಇಬ್ಬರೇ ಇರುವ ಮನೆಯಲ್ಲಿ ನನಗಿಂತ ಮುಂಚಿನ ಅಷ್ಟೂ ಮಂದಿ ಎಲ್ಲಿ ಕೂತಿದ್ದಾರೆ, ಅವರಿಗೆ ಕಾಫಿ ಯಾರು ಮಾಡಬೇಕು ಎಂಬುದನ್ನು ದಯವಿಟ್ಟು ತಿಳಿಸಬೇಕು.

ಆದೇಶ ಬರುವ ಹೊತ್ತನ್ನೂ ಗಮನಿಸಿದೆ. ನಮ್ಮ ಗೋಡೆಯ ತುಂಬ ಗಿರಾಕಿಗಳು ಬಿಟ್ಟುಹೋದ ಗಡಿಯಾರಗಳಿವೆ. ಎಲ್ಲವೂ ಓಡುತ್ತವೆ, ಒಂದಕ್ಕೊಂದು ಹೊಂದುವುದಿಲ್ಲ. ಕಣ್ಣಿಗೆ ಬಿದ್ದದ್ದನ್ನು ನೋಡಿದ್ದರಿಂದ ಒಮ್ಮೆ ಹನ್ನೊಂದಾಗಿತ್ತು, ಒಮ್ಮೆ ಮೂರೂವರೆ. ತಮಗೆ ಹೊತ್ತುಗೊತ್ತೇ ಇಲ್ಲವೆಂದು ತೀರ್ಮಾನಿಸಿದೆ. ತಮ್ಮ ಪರದೆಯ ಮೂಲೆಯಲ್ಲೂ ಗಂಟೆ ತೋರಿಸುತ್ತೀರೆಂದು ಬಲ್ಲೆ. ಆದರೆ ಮುಳ್ಳಿಲ್ಲದ ಗಡಿಯಾರವನ್ನು ನಾನು ನಂಬುವುದಿಲ್ಲ.

ಆಪರೇಷನ್ನಿನ ಹಿಂದಿನ ದಿನ, ಅಕ್ಕನ ಊರಿಗೆ ಹೊರಟಿದ್ದ ತಮ್ಮನ ಮಗಳು ನಮ್ಮಲ್ಲಿ ಊಟಕ್ಕೆ ಬಂದಳು. ಈ ಆಡಳಿತಗಾರರು ಯಾರಮ್ಮ, ಯಾರನ್ನು ಹಿಡಿದರೆ ಅವರ ಭೇಟಿ ಸಿಗುತ್ತದೆ ಎಂದು ಕೇಳಿದೆ. ಅವಳು ತಟ್ಟೆ ನೋಡಿದಳು. ನನ್ನ ಹೆಂಡತಿ ಇನ್ನೊಂದು ಸೌಟು ಬಡಿಸಿ ಹೇಳಿದಳು: “ಆಡಳಿತಗಾರರು ನಾನೇ. ಊಟಕ್ಕೆ ಕೂಗಿದ್ರೆ ನೀವು ಏಳಲ್ಲ, ಅದು ಆರಿದ್ರೆ ಏಳ್ತೀರಿ. ಊಟದ ಹೊತ್ತಿಗೆ ಅದು ತಾನಾಗೇ ಆರೋ ಹಾಗೆ ಇವಳ ಕೈಲಿ ಮಾಡಿಸು ಅಂತ ಹೇಳಿಕೊಟ್ಟಿದ್ದು ನಿಮ್ಮ ಅಕ್ಕನೇ.” ಚಿಕ್ಕಂದಿನಲ್ಲೂ ಅಕ್ಕ ಸ್ಕ್ರೂಡ್ರೈವರು ಕಿತ್ತುಕೊಂಡರೆ ಮಾತ್ರ ನಾನು ತಟ್ಟೆಯ ಮುಂದೆ ಬರುತ್ತಿದ್ದೆನಂತೆ.

ಬಸ್ಸಿಗೆ ಹೊತ್ತಾಗಿತ್ತು. ತಮ್ಮನ್ನು ಎಬ್ಬಿಸಿ, ಪತ್ರ ಇದ್ದಷ್ಟನ್ನೇ ಮುದ್ರಿಸಿಕೊಂಡು ಹುಡುಗಿ ಓಡಿದಳು. “ಯಾಕೆಂದರೆ” ಎಂಬಲ್ಲಿಗೆ ಹಾಳೆ ಮುಗಿದಿತ್ತು. ಅಕ್ಕನನ್ನು ಅರ್ಧ ದಾರಿಯಲ್ಲಿ ಕೈಬಿಟ್ಟೆನೆಂದು ನಾನು ಮರುದಿನ ಊಟವನ್ನೇ ಮಾಡಲಿಲ್ಲ. ತಾವು ಆರಿದರೂ ಏಳಲಿಲ್ಲ.

ಸಂಜೆ ಅಕ್ಕನೇ ಫೋನ್ ಮಾಡಿದಳು. “ಅದೇನೋ ಅದು, ಯಾಕೆಂದರೆ ಅಂತ ಬರೆದು ನಿಲ್ಲಿಸಿಬಿಟ್ಟಿದ್ದೀಯ? ಏನಿರಬಹುದು, ಏನಿರಬಹುದು ಅಂತ ಯೋಚಿಸ್ತಾ ಮಲಗಿದ್ದೆ. ಮುಗೀತು, ಏಳಿ ಅಂದ್ರು.”

ಆದ್ದರಿಂದ ಮಾನ್ಯರೇ, ದೂರನ್ನು ಹಿಂದಕ್ಕೆ ಪಡೆಯಬೇಕಾಗಿ ಬಂದಿರುವುದಕ್ಕೆ ನನ್ನ ತೀವ್ರ ವಿರೋಧವನ್ನು ಈ ಮೂಲಕ ದಾಖಲಿಸುತ್ತೇನೆ. ಇನ್ನಾದರೂ ತಾವು ಆರುವ ಮೊದಲು ಒಮ್ಮೆ ಕೆಮ್ಮಬೇಕು, ಮತ್ತು ನನಗೆ ಉಪ ಆಡಳಿತಗಾರನ ಹುದ್ದೆಯನ್ನು, ಅಲ್ಪವಿರಾಮಗಳ ಮಟ್ಟಿಗಾದರೂ, ದಯಪಾಲಿಸಬೇಕು.

ಹೊಟ್ಟೆ ತುಂಬ ಉಂಡು ಬರೆದ,
ತಮ್ಮ ವಿಶ್ವಾಸಿ,
ಬಳಕೆದಾರ ಸಾವಿರ

ತಾಜಾಕಲಂ: ಅಕ್ಕನ ಕಣ್ಣಿನ ಪಟ್ಟಿ ಬಿಚ್ಚಿದ್ದಾರೆ, ಎಲ್ಲ ನಿಚ್ಚಳವಾಗಿ ಕಾಣುತ್ತದಂತೆ. ಆ ಕಾರಣ ಏನೆಂದು ದಿನವೂ ಫೋನ್ ಮಾಡಿ ಕೇಳುತ್ತಾಳೆ. ಅದು ನನಗೂ ಹೊಳೆದಿಲ್ಲ. ಆಡಳಿತಗಾರರ ಆದೇಶ ಎಂದಷ್ಟೇ ಹೇಳಿ ಫೋನಿಡುವುದನ್ನು ತಮ್ಮಿಂದ ಕಲಿತಿದ್ದೇನೆ.