ನಮ್ಮ ಮನೆಯಲ್ಲಿ ನಿಂತುಹೋದ ಇಂಗಾಲದ ಚಕ್ರ

ಮೇಷ್ಟ್ರ ಕೆಲಸದಲ್ಲಿ ಒಂದು ದೊಡ್ಡ ಸೌಕರ್ಯವಿದೆ. ತರಗತಿಯಲ್ಲಿ ಹೇಳಿದ್ದನ್ನು ಮನೆಯಲ್ಲಿ ಮಾಡಿ ತೋರಿಸಿ ಎಂದು ಯಾರೂ ಕೇಳುವುದಿಲ್ಲ. ಚರಿತ್ರೆಯ ಮೇಷ್ಟ್ರಿಗೆ ತಮ್ಮ ಮದುವೆಯ ಇಸವಿ ಮರೆತಿರಬಹುದು. ಭೂಗೋಳದ ಮೇಷ್ಟ್ರು ಬಂಗಾರಪೇಟೆ ಜಂಕ್ಷನ್ನಿನಲ್ಲಿ ತಪ್ಪು ರೈಲು ಹತ್ತಬಹುದು. ಅಷ್ಟಕ್ಕೆ ಯಾರ ಕೆಲಸವೂ ಹೋಗುವುದಿಲ್ಲ. ನಾನು ಚಿನ್ನದ ಗಣಿಯ ಊರಾದ ರಾಬರ್ಟ್‌ಸನ್‌ಪೇಟೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳುತ್ತಿದ್ದವನು. ಈ ಸೌಕರ್ಯವನ್ನು ಕೈಯಾರೆ ಬಿಟ್ಟುಕೊಟ್ಟು, ಕರಿಹಲಗೆಯ ಮೇಲಿದ್ದ ಪಾಠವನ್ನು ಅಡುಗೆಮನೆಯವರೆಗೆ ತಂದದ್ದು ನನ್ನ ತಪ್ಪು.

ಪಾಠ ಇಂಗಾಲದ ಚಕ್ರದ್ದು. ಪ್ರತಿ ವರ್ಷ ಹಲಗೆಯ ಮೇಲೆ ಒಂದು ಮರ, ಒಂದು ಹಸು, ಒಬ್ಬ ಮನುಷ್ಯ, ಹೊಗೆ ಬಿಡುವ ಒಂದು ಚಿಮಣಿ ಬರೆದು ಬಾಣಗಳಿಂದ ಸುತ್ತು ಹಾಕುತ್ತಿದ್ದೆ. ಹಸುವಿನ ಬಾಲದ ಕೆಳಗಿಂದ ಹೊರಡುವ ಬಾಣಕ್ಕೆ ಮಕ್ಕಳು ನಗುತ್ತಿದ್ದರು. ನಗಲೆಂದೇ ಅದನ್ನು ಕೊಂಚ ದಪ್ಪಗೆ ಎಳೆಯುತ್ತಿದ್ದೆ. ಎಲ್ಲಕ್ಕಿಂತ ಕೆಳಗೆ, ಕೊಳೆಯಿಸುವ ಸೂಕ್ಷ್ಮಜೀವಿಗಳೆಂದು ನಾಲ್ಕು ಚುಕ್ಕೆ ಇಡಬೇಕು. ಗಂಟೆ ಹೊಡೆಯುವ ಹೊತ್ತಾಗಿದ್ದರೆ ಅವನ್ನು ಬಿಟ್ಟುಬಿಡುತ್ತಿದ್ದೆ. ಮನುಷ್ಯನಿಗೆ ಮಾತ್ರ ಕೋಟು, ಮೀಸೆ ಬರೆಯುವಷ್ಟು ಸಮಯ ಸಿಗುತ್ತಿತ್ತು. ಎಂದೂ ಕೆಡದ, ಕೊಳೆಯದ ಚಿನ್ನವನ್ನು ಅಗೆಯಲು ದಿನಾ ಗಣಿಗೆ ಇಳಿಯುವವರ ಮಕ್ಕಳು ಅವರು. ಕೊಳೆಯುವುದೂ ಒಂದು ಘನವಾದ ಕೆಲಸ ಎಂದರೆ ನಂಬುತ್ತಿರಲಿಲ್ಲ. ನಾನೂ ಅಷ್ಟಾಗಿ ನಂಬಿರಲಿಲ್ಲವೆಂದು ಆಮೇಲೆ ತಿಳಿಯಿತು.

ನಮ್ಮ ಮನೆ ಬಂಗಾರಪೇಟೆಯ ಪಕ್ಕದ ಹಳ್ಳಿಯಲ್ಲಿ. ಎರಡು ಹಸು, ಒಂದಿಷ್ಟು ರಾಗಿ ಹೊಲ. ಸೌದೆ ಒಲೆಯ ಹೊಗೆಗೆ ನನ್ನ ಹೆಂಡತಿ ಜಯಮ್ಮನ ಕಣ್ಣು ಸದಾ ಕೆಂಪಾಗಿರುತ್ತಿತ್ತು. ಅದನ್ನು ನೋಡಿದರೆ ನನಗೆ ನಿಜವಾಗಿ ಸಂಕಟವಾಗುತ್ತಿತ್ತು. ಸಿಲಿಂಡರಿಗೆ ಹೆಸರು ಬರೆಸಿ ವರ್ಷಗಳು ಕಳೆದಿದ್ದವು. ಕೊನೆಗೆ ಹಿತ್ತಿಲಲ್ಲಿ ಗುಂಡಿ ತೋಡಿಸಿ, ಅದರ ಮೇಲೆ ಕಬ್ಬಿಣದ ಡ್ರಮ್ಮು ಕವುಚಿ, ಪಕ್ಕದಲ್ಲಿ ಸಗಣಿ ಕದಡುವ ತೊಟ್ಟಿ ಕಟ್ಟಿಸಿ, ಗೋಬರ್ ಗ್ಯಾಸ್ ಹಾಕಿಸಿದೆ. ನೀಲಿ ಉರಿ ಬಂದ ದಿನ, "ಇನ್ನು ನಿನ್ನ ಕಣ್ಣಲ್ಲಿ ನೀರು ಬರೋ ಹಾಗಿಲ್ಲ" ಎಂದು ಜಯಮ್ಮನಿಗೆ ಮಾತು ಕೊಟ್ಟೆ. ಮಾತು ಗಟ್ಟಿಯಾಗಿರಲೆಂದು ಹಳೆಯ ಒಲೆಯನ್ನು ಹಾರೆಯಿಂದ ಒಡೆದುಹಾಕಿದೆ. "ಒಲೆ ಏನ್ ಮಾಡಿತ್ತು ಪಾಪ, ಒಂದ್ ಮೂಲೇಲಿ ಬಿದ್ದಿರ್ತಿತ್ತು" ಎಂದಳು ಅವಳು.

ಗ್ಯಾಸು ನೋಡಲು ನಮ್ಮ ಮಾವ ಮುನಿಯಪ್ಪನವರು ಬೇತಮಂಗಲದಿಂದ ಬಸ್ಸು ಹಿಡಿದು ಬಂದರು. ಊಟಕ್ಕೆ ಕೂತಾಗ ಅವರಿಗೂ ಪಾಠ ಮಾಡಿದೆ. ರಾಗಿ ಪೈರು ಗಾಳಿಯಿಂದ ಇಂಗಾಲ ಹೀರುತ್ತದೆ, ಹುಲ್ಲು ತಿಂದ ಹಸುವಿನಿಂದ ಅದು ಸಗಣಿಗೆ ಬರುತ್ತದೆ, ಸಗಣಿಯಿಂದ ಒಲೆಗೆ, ಒಲೆಯಿಂದ ಪುನಃ ಗಾಳಿಗೆ.

ಮಾವ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. "ಅಂಗಾದ್ರೆ ಅಳಿಯಂದ್ರೇ, ಈ ಮುದ್ದೆ ಇಂದ್ಲ ಜನ್ಮದಾಗೆ ಯಾರ್ದೋ ಮನೆ ಒಗೆ ಆಗಿತ್ತು ಅನ್ನಿ."

"ಹೊಗೆ ಆಗಿತ್ತು ಅಂತಲೂ ಹೇಳಬಹುದು ಮಾವ."

"ಒಗೆ ಆದ್ರೂ ರುಚಿಯಾಗೈತೆ. ಇನ್ನೊಂದ್ ಇಕ್ಕವ್ವ" ಎಂದು ಮಗಳ ಕಡೆ ತಟ್ಟೆ ಚಾಚಿದರು.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ವಿಜ್ಞಾನದ ಮೇಷ್ಟ್ರಿಗೆ ಶುಚಿತ್ವದ ಹುಚ್ಚೂ ಇರುತ್ತದೆ. ಕೊಟ್ಟಿಗೆಗೆ ಸಿಮೆಂಟು ಹಾಕಿಸಿದೆ. ದಿನಾ ಬೆಳಗ್ಗೆ ಶಾಲೆಗೆ ಹೋಗುವ ರೈಲಿಗೆ ಹೊರಡುವ ಮೊದಲು ಬಕೆಟ್ಟು ನೀರಿಗೆ ಫಿನಾಯಿಲ್ ಸುರಿದು ನಾನೇ ತೊಳೆಯತೊಡಗಿದೆ. ತೊಳೆದ ನೀರು ದಂಡವಾಗಬಾರದೆಂದು ಅದು ಸೀದಾ ಸಗಣಿ ತೊಟ್ಟಿಗೇ ಹರಿಯುವ ಹಾಗೆ ಕಾಲುವೆ ಮಾಡಿಸಿದ್ದೆ. ಆ ಕಾಲುವೆಯನ್ನು ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದೆ.

ಕೆಲವು ವಾರಗಳಲ್ಲಿ ಗ್ಯಾಸು ತುಂಬಿ ಡ್ರಮ್ಮು ಮೇಲೇಳುವುದು ಕಡಿಮೆಯಾಯಿತು. ಮಾಗಿಯ ಚಳಿ ಎಂದುಕೊಂಡು ಅದಕ್ಕೆ ಹುಲ್ಲು ಹೊದಿಸಿದೆ. ಪೈಪಿಗೆ ಸೋಪಿನ ನೀರು ಹಚ್ಚಿ ಸೋರಿಕೆ ಹುಡುಕಿದೆ. ಹಸುವಿನ ಮೇವು ಬದಲಾಯಿಸಿದೆ. ಉರಿ ಮಿಣಮಿಣ ಅಂದು, ಒಂದು ಬೆಳಗ್ಗೆ ಆರಿಯೇ ಹೋಯಿತು. ಜಯಮ್ಮ ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ, ಸೌದೆ ಒಟ್ಟಿ, ಕಣ್ಣೊರೆಸಿಕೊಳ್ಳುತ್ತ ಅಡುಗೆಗೆ ಕೂತಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಆ ವಾರವೇ ಮಾವ ಅವರೇಕಾಯಿ ಮೂಟೆ ಹೊತ್ತು ಬಂದರು. ಮಗಳು ಹೊಗೆಯಲ್ಲಿ ಕೂತದ್ದನ್ನು ಕಂಡು ಸೀದಾ ತೊಟ್ಟಿಯ ಹತ್ತಿರ ಹೋಗಿ ಬಗ್ಗಿ ಮೂಸಿದರು.

"ಇದೇನು ಅಳಿಯಂದ್ರೇ, ಸಗಣಿ ಆಸ್ಪತ್ರೆ ತರ ನಾರ್ತೈತೆ?"

ಫಿನಾಯಿಲಿನ ಹಿರಿಮೆ ವಿವರಿಸಿದೆ. ಒಂದು ಕ್ರಿಮಿಯೂ ಉಳಿಯುವುದಿಲ್ಲ ಎಂದೆ. ಆ ಮಾತು ಬಾಯಿಂದ ಹೊರಬಿದ್ದ ಕೂಡಲೇ ನನಗೆ ಹಲಗೆಯ ಮೇಲಿನ ನಾಲ್ಕು ಚುಕ್ಕೆಗಳು ನೆನಪಾದವು. ಸಗಣಿಯನ್ನು ಗ್ಯಾಸು ಮಾಡುತ್ತಿದ್ದ ಕ್ರಿಮಿಗಳನ್ನೇ ನಾನು ದಿನಾ ಬೆಳಗ್ಗೆ, ರೈಲು ತಪ್ಪದ ಹಾಗೆ, ಕೊಂದಿದ್ದೆ.

"ಎಪ್ಪು ಆಕಿರೋ ಆಲಿಗೆ ಯಾರಾನಾ ಔಷ್ದ ಸುರೀತಾರಾ?" ಎಂದರು ಮಾವ. ಅವರು ಓದಿದ್ದು ಮೂರನೇ ಕ್ಲಾಸು.

ಗುಂಡಿಯಲ್ಲಿದ್ದ ಕೆಟ್ಟ ಸಗಣಿ ಬಗ್ಗಡವನ್ನು ತೋಡಿಸಿ, ತಮ್ಮೂರಿನ ಇನ್ನೊಬ್ಬರ ಗುಂಡಿಯಿಂದ ಒಳ್ಳೆಯ ಬಗ್ಗಡವನ್ನು ಹೆಪ್ಪಿಗೆಂದು ಗಾಡಿಯಲ್ಲಿ ತರಿಸಿದವರೂ ಅವರೇ. ಅದು ಹಿಡಿಯಲು ತಿಂಗಳಾಯಿತು. ಆ ತಿಂಗಳೆಲ್ಲ ಜಯಮ್ಮನನ್ನು ದೂರ ಕೂರಿಸಿ ಊದುಗೊಳವೆ ಹಿಡಿದು ನಾನೇ ಊದಿದೆ. ಒಂದು ದಿನ ಅವಳು ಕೇಳಿದಳು: "ಏನ್ರೀ, ನಾವ್ ಬಿಡೋ ಉಸ್ರಲ್ಲಿ ಬೆಂಕಿ ಆರ್ಸೋ ಗಾಳಿ ಐತೆ ಅಂತ ಪಾಠ ಮಾಡ್ತೀರಲ್ಲ, ಮತ್ತೆ ಊದಿದ್ರೆ ಯಾಕ್ ಉರೀತೈತೆ?" ಉತ್ತರ ಗೊತ್ತಿತ್ತು. ಹೇಳಲು ಉಸಿರಿರಲಿಲ್ಲ.

ನೀಲಿ ಉರಿ ಮರಳಿ ಬಂತು. ಜಯಮ್ಮ ಅದನ್ನು ಇವತ್ತಿಗೂ "ನಮ್ಮಪ್ಪನ ಗ್ಯಾಸು" ಎನ್ನುತ್ತಾಳೆ. ನಾನು ತಿದ್ದಲು ಹೋಗಿಲ್ಲ. ಮುಂದಿನ ವರ್ಷ ಅದೇ ಪಾಠ ಬಂದಾಗ ಮೊದಲು ಸೂಕ್ಷ್ಮಜೀವಿಗಳನ್ನೇ ಬರೆದೆ, ನಾಲ್ಕಲ್ಲ, ಹಲಗೆಯ ಅರ್ಧ ತುಂಬುವಷ್ಟು. ಆಮೇಲೆ ಮರ, ಹಸು, ಚಿಮಣಿ. ಮನುಷ್ಯನಿಗೆ ಜಾಗ ಸಾಲದೆ ಮೂಲೆಯಲ್ಲಿ ಹೆಬ್ಬೆರಳಷ್ಟು ಬರೆದೆ, ಕೋಟಿಲ್ಲ, ಮೀಸೆಯಿಲ್ಲ. ಅವನ ಕೈಗೆ ಒಂದು ಬಕೆಟ್ಟು ಕೊಟ್ಟು ಚಿತ್ರ ಮುಗಿಸಿದೆ. ಅದರಲ್ಲೇನಿದೆ ಸಾರ್ ಎಂದು ಮಕ್ಕಳು ಕೇಳಿದರು. ಅದು ಪರೀಕ್ಷೆಗೆ ಬರುವುದಿಲ್ಲ ಎಂದೆ.