ಮೋತ್ಯಾನ ಎರಡನೆಯ ಊಟ

ಕೆಲವು ಸಂಗತಿಗಳನ್ನು ಊಟದ ಹೊತ್ತಿನಲ್ಲಿ ಹೇಳಬಾರದು. ನೀವು ಈಗ ಏನಾದರೂ ತಿನ್ನುತ್ತಿದ್ದರೆ ಮುಗಿಸಿಕೊಂಡು ಬನ್ನಿ, ನಾನು ಕಾಯುತ್ತೇನೆ. ನಮ್ಮ ನಾಯಿ ಮೋತ್ಯಾ ತನ್ನ ಹೇಲನ್ನು ತಾನೇ ತಿನ್ನುತ್ತಿತ್ತು. ಇಡೀ ಆಯುಷ್ಯ ಕನ್ನಡ ಶಾಲೆಯ ಮಾಸ್ತರನಾಗಿದ್ದ ನಾನು ಇದಕ್ಕೊಂದು ಮರ್ಯಾದೆಯ ಶಬ್ದ ಸಿಗುತ್ತದೇನೋ ಎಂದು ಬಹಳ ಹುಡುಕಿದೆ. ಸಿಗಲಿಲ್ಲ.

ಮೋತ್ಯಾನನ್ನು ಮರಿಯಿದ್ದಾಗ ಉಪ್ಪಿನಬೆಟಗೇರಿಯ ತನ್ನ ತಂಗಿಯ ಮನೆಯಿಂದ ತಂದವಳು ನನ್ನ ಹೆಂಡತಿ ಶಾಂತಾ. ಶಿಸ್ತು ಕಲಿಸುವ ಹೊಣೆ ಮಾತ್ರ ನನ್ನದು. ಅದು ಪಡಸಾಲೆಯಲ್ಲಿ ಹೊಲಸು ಮಾಡಿದಾಗಲೆಲ್ಲ ಪೇಪರಿನ ಸುರುಳಿ ಹಿಡಿದು, ಬೆರಳು ಮಾಡಿ, "ಯಾರು ಮಾಡಿದ್ದು ಇದು?" ಎಂದು ಗುಡುಗುತ್ತಿದ್ದೆ. ಮನೆಯಲ್ಲಿ ಸಂಶಯ ಪಡಲು ಬೇರೆ ಯಾರೂ ಇರಲಿಲ್ಲ, ಆ ಮಾತು ಬೇರೆ. ಒಂದೇ ತಿಂಗಳಲ್ಲಿ ಪಡಸಾಲೆ ಸ್ವಚ್ಛವಾಯಿತು. ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಆಮೇಲೆ ಒಂದು ಮುಂಜಾನೆ ಶಾಂತಾ ನನ್ನ ತೋಳು ಹಿಡಿದು ಎಬ್ಬಿಸಿ, ನನ್ನ ಶಿಸ್ತು ಯಾರ ಹೊಟ್ಟೆಗೆ ಹೋಗುತ್ತಿದೆ ಎಂಬುದನ್ನು ತೋರಿಸಿದಳು.

"ಅದ ಬಾಯಿಲೆ ಸೂಟಿಗೆ ಬಂದ ಮೊಮ್ಮಗಳ ಮುಖಾ ನೆಕ್ಕತೈತ್ರಿ," ಎಂದಳು. "ಎರಡು ವಾರದಾಗ ಬಿಡಸ್ರಿ. ಇಲ್ಲಂದ್ರ ಬೆಟಗೇರಿಗೆ, ತಂಗಿ ಮನಿಗೆ ಹೊಳ್ಳಿ ಕಳಸ್ತೇನಿ."

ಕಳಿಸು ಎಂದುಬಿಡಬಹುದಿತ್ತು. ಆದರೆ ಪಾದದ ಹತ್ತಿರ ಮೋತ್ಯಾ ಇಲ್ಲದೆ ನನಗೆ ರೊಟ್ಟಿ ಇಳಿಯುವುದಿಲ್ಲ. ಇದನ್ನು ನಾನು ಯಾರ ಮುಂದೆಯೂ ಒಪ್ಪಿಕೊಂಡಿರಲಿಲ್ಲ.

ಪಕ್ಕದ ಮನೆಯ ಕಾಕಾ ಉಪಾಯ ಕೊಟ್ಟರು. "ಅದರ ಮ್ಯಾಲ ಖಾರಪುಡಿ ಉದರಸ್ರಿ ಮಾಸ್ತರ. ಮತ್ತ ಜನ್ಮದಾಗ ಮೂಸಂಗಿಲ್ಲ." ದುರ್ಗದಬೈಲಿನ ಪೇಟೆಯಿಂದ ತಂದ ಕೆಂಪು ಖಾರಪುಡಿ ಹಿಡಿದು ಮರುದಿನ ಹಿತ್ತಲಿಗೆ ಓಡಿದೆ. ಗಿರ್ಮಿಟ್ಟಿನ ಚುರುಮುರಿಗೆ ಉದುರಿಸಿದಷ್ಟು ಶ್ರದ್ಧೆಯಿಂದ ಉದುರಿಸಿದೆ. ನನ್ನನ್ನು ಕಂಡು ಮೋತ್ಯಾ ಇನ್ನೂ ಅವಸರ ಮಾಡಿತು. ಸೀನಿತು, ಕಣ್ಣಲ್ಲಿ ನೀರು ತಂದುಕೊಂಡಿತು, ಆದರೂ ಬಿಡಲಿಲ್ಲ. ನಮ್ಮ ಮನೆಯ ಸಾರಿನಲ್ಲಿ ಅದ್ದಿದ ರೊಟ್ಟಿ ತಿಂದು ಬೆಳೆದ ನಾಯಿ, ಖಾರಕ್ಕೆ ಹೆದರೀತೇ ಎಂದು ಒಳಗೊಳಗೇ ಹೆಮ್ಮೆಯೂ ಆಯಿತು. ಶಾಂತಾ ಕಿಟಕಿ ಮುಚ್ಚಿದಳು.

ಕೊನೆಗೆ ದನದ ಡಾಕ್ಟರರ ಹತ್ತಿರ ಹೋದೆ. ನೋಡಿದರೆ ನನ್ನ ಹಳೆಯ ಶಿಷ್ಯ ಮಂಜುನಾಥ. ಜಂತಿನ ಗುಳಿಗೆ, ಊಟ, ಎಲ್ಲ ವಿಚಾರಿಸಿದ ಮೇಲೆ, "ಮನ್ಯಾಗ ಹೊಲಸು ಮಾಡಿದ್ರ ಏನ್ ಮಾಡ್ತೀರಿ ಸರ್ರ?" ಎಂದ. ನಾನು ಬೆರಳು ಮಾಡಿ ತೋರಿಸಿದೆ. ಮೋತ್ಯಾ ಮೇಜಿನ ಕೆಳಗೆ ಸೇರಿತು. ಮಂಜುನಾಥನೂ ಅರ್ಧ ಹೆಜ್ಜೆ ಹಿಂದೆ ಸರಿದ.

"ಅದು ಹಸಿವಿಗೆ ತಿನ್ನಾಕತ್ತಿಲ್ರಿ," ಎಂದ. "ನಿಮ್ಮ ಕಣ್ಣಿಗೆ ಬೀಳಬಾರದು ಅಂತ ನುಂಗಾಕತ್ತೈತಿ. ಖರೇ ಹೇಳ್ಲೇನ್ರಿ? ನೀವು ಬೆಂಚಿನ ಹತ್ರ ಬರೂದ್ರಾಗ ತಪ್ಪು ಗಣಿತದ ಹಾಳಿ ನಾನೂ ನುಂಗೇನಿ." ಅವನು ನಕ್ಕ. ನನಗೆ ನಗು ಬರಲಿಲ್ಲ. ನನ್ನ ವರ್ಗದಲ್ಲಿ ತಪ್ಪುಗಳೇ ಕಡಿಮೆ ಎಂಬ ಖ್ಯಾತಿ ನನಗಿತ್ತು.

ಬೈಯಬೇಡಿ, ಊಟವಾದ ಕೂಡಲೇ ಹೊರಗೆ ಒಯ್ಯಿರಿ, ರೊಟ್ಟಿ ತೋರಿಸಿ ಹತ್ತಿರ ಕರೆಯಿರಿ, ಸುಮ್ಮನೆ ಬಳಿದು ಹಾಕಿರಿ. ಇಷ್ಟೇ ಅವನು ಕೊಟ್ಟ ಔಷಧ. ಕೈ ಬೆನ್ನ ಹಿಂದೆ ಕಟ್ಟಿ, ಬಾಯಿ ಮುಚ್ಚಿ ನಿಲ್ಲುವುದನ್ನು ಈ ವಯಸ್ಸಿನಲ್ಲಿ ಕಲಿತೆ. ಮೊದಮೊದಲು ಮೋತ್ಯಾ ನನ್ನ ಮುಖ ನೋಡುವುದು, ಗಬಕ್ಕನೆ ನುಂಗುವುದು.

ಎರಡು ವಾರ ತುಂಬುವ ದಿನ ಅದು ಪಡಸಾಲೆಯ ನಟ್ಟನಡುವೆಯೇ ಮಾಡಿತು. ನಾನು ಬಾಗಿಲಲ್ಲಿದ್ದೆ. "ಬಾರಲೇ ಮೋತ್ಯಾ," ಎಂದು ರೊಟ್ಟಿಯ ಚೂರು ಹಿಡಿದೆ. ಬಹಳ ಹೊತ್ತು ನನ್ನ ಕೈಯನ್ನೇ ನೋಡಿ, ಎಲ್ಲವನ್ನೂ ಅಲ್ಲೇ ಬಿಟ್ಟು, ಬಾಲ ಅಲ್ಲಾಡಿಸುತ್ತ ಬಂದಿತು.

"ಬೆಟಗೇರಿಗೆ ಫೋನ್ ಮಾಡ್ಲೇನ್ರಿ?" ಒಳಗಿನಿಂದ ಶಾಂತಾ ಕೇಳಿದಳು.

"ಬ್ಯಾಡ. ಒಂದು ಬಕೀಟ ನೀರು ತಾ," ಎಂದೆ.

ಮಾಡಿದ ತಪ್ಪನ್ನು ನನ್ನ ಕಣ್ಣೆದುರಿಗೇ ಬಿಟ್ಟು, ಹೆದರದೆ ನನ್ನ ಹತ್ತಿರ ಬಂದ ಮೊದಲ ಶಿಷ್ಯ ಅದು. ಮೊಣಕಾಲೂರಿ ನೆಲ ಒರೆಸುವಾಗ ಮೂಗು ಮುಚ್ಚಿಕೊಳ್ಳುವುದು ನನಗೆ ನೆನಪಾಗಲಿಲ್ಲ.